ಜಗಲಿ ಗೋಡೆಯೊಳಗಿನ ಮೆತ್ತನೆ ಪೈಪು

ಗುಬ್ಬಿ, ಬಾಳ್ಯಾ,

ನಿಮ್ಮ ಸಾಲಿಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ಸಾಕು. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು. ನನ್ನ ತವರೂರು ಕರೋಶಿಯ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಾಳ್ಯಾ, ನಿನಗೆ ಐದು ವರ್ಷವಿದ್ದಾಗ ಬಹಳ ದಿನ ಹೊಟ್ಟೆನೋವು ಇತ್ತು. ನಿನಗದು ಅಷ್ಟಿಷ್ಟು ನೆನಪಿದ್ದೀತು. ಅದು ಹೇಗೆ ಬಂತೆಂದು ನಿನಗೆ ಯಾರೂ ಹೇಳಿಲ್ಲ. ಅದು ನನ್ನ ಕೈಯಿಂದ ಬಂತು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿ ನಳವೇ ಇರಲಿಲ್ಲ. ಬಾವಿಯೂ ಹಿತ್ತಲಲ್ಲಿರಲಿಲ್ಲ, ಮನೆಯ ಮುಂದೆ ಗಾಡಿದಾರಿಯ ಪಕ್ಕದಲ್ಲಿತ್ತು. ಮನೆಯ ಹಿರಿಯ ಸೊಸೆ ಬೆಳಿಗ್ಗೆ ಸ್ನಾನ ಮಾಡಿ, ಮನೆಯವರು ಯಾರೂ ಮುಟ್ಟುವ ಮೊದಲು, ದೇವರಿಗೆಂದು ದಿನದ ಮೊದಲ ನೀರನ್ನು ತಾಮ್ರದ ತಂಬಿಗೆಯಲ್ಲಿ ತರಬೇಕು. ಅದಕ್ಕೆ ಅಗ್ಗಣಿ ಎನ್ನುತ್ತೇವೆ. ತರುವಾಗ ಯಾರೊಡನೆಯೂ ಮಾತಾಡಬಾರದು. ಮಾತಾಡಿದರೆ ಆ ನೀರನ್ನು ಬಿಟ್ಟು ಮತ್ತೆ ಸೇದಬೇಕು. ಆ ಹೊತ್ತಿಗೆ ಬಾವಿಯ ಬಳಿ ಎತ್ತು ತೊಳೆಯುವ ಗಂಡಸರು ಇರುತ್ತಿದ್ದರು. ಬೇಕೆಂದೇ ಕೆಣಕುತ್ತಿದ್ದರು.

"ಯಾ ಊರಾಕಿ ಬೇ ತಂಗಿ? ಬಾಯಿ ಐತಿಲ್ಲೋ?"

"ಮೂಕ ಸೊಸೀನ ತಂದಾರಲೇ ಇವರು!"

ನಾನು ಮಾತಾಡುತ್ತಿರಲಿಲ್ಲ, ಆದರೆ ನಾಚಿಕೆಗೆ ತಂಬಿಗೆ ಕೈಯಿಂದ ಜಾರುತ್ತಿತ್ತು. ಒಂದು ದಿನ ಮೂರು ಸಲ ಸೇದಿದೆ. ಮೂರನೆಯ ಸಲ ಅಳುತ್ತ ಒಳಗೆ ಬಂದದ್ದನ್ನು ನಿಮ್ಮ ಅಜ್ಜ ನೋಡಿದರು.

ಕೆಲವು ತಿಂಗಳ ಮೇಲೆ ಅವರು ತಂಬಾಕಿನ ಗಾಡಿಯೊಡನೆ ನಿಪ್ಪಾಣಿಗೆ ಹೋಗಿದ್ದರು. ಅಲ್ಲಿ ದೊಡ್ಡ ಮನೆತನದ ಹಳೆಯ ವಾಡೆಯೊಂದನ್ನು ಕೆಡವುತ್ತಿದ್ದರಂತೆ. ಅದರ ಸಾಮಾನಿನಲ್ಲಿ ಒಂದು ಸುತ್ತು ಪೈಪನ್ನು ಕೊಂಡು ತಂದರು. ಬೂದಿ ಬಣ್ಣದ್ದು, ಎತ್ತಲಾರದಷ್ಟು ಭಾರ. ಅಷ್ಟು ಭಾರವಿದ್ದರೂ ಮೆತ್ತಗೆ. ಮೊಣಕಾಲಿಗೆ ಒತ್ತಿ ಹಿಡಿದರೆ ಬೇಕಾದ ಕಡೆಗೆ ಬಾಗುತ್ತಿತ್ತು. ಬಾವಿಗೆ ಮೋಟಾರು ಕೂಡಿಸಿ, ಮಾಳಿಗೆಯ ಮೇಲೆ ನೀರಿನ ಟಾಕಿ ಕಟ್ಟಿಸಿ, ಆ ಪೈಪನ್ನು ಗೋಡೆಯೊಳಗಿನಿಂದ ಇಳಿಸಿ ದೇವರ ಜಗಲಿಯ ಪಕ್ಕಕ್ಕೆ ತಂದು ನಳ ಹಚ್ಚಿದರು. ಗೋಡೆಗೆ ಗಾರೆ ಬಳಿಯುವ ಮೊದಲು ನನ್ನನ್ನು ಕರೆದು, ಮೊಳೆಯಿಂದ ಆ ಪೈಪನ್ನು ಗೀರಿ ತೋರಿಸಿದರು. ಗೀರಿದ ಜಾಗ ಥಳಥಳ ಹೊಳೆಯಿತು.

"ನೋಡು, ನಿನಗ ಬೆಳ್ಳಿ ನಳ ಮಾಡೀನಿ," ಎಂದರು. "ಇನ್ನ ಬಾವಿಗೆ ಹೋಗಬ್ಯಾಡ. ಯಾ ಮಗಾ ಮಾತಾಡಸ್ತಾನ ನೋಡೂಣು."

ನನ್ನ ಜೀವನದಲ್ಲಿ ಯಾರೂ ನನಗಾಗಿ ಅಂಥದ್ದು ಮಾಡಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಮೆತ್ತನೆ ಪೈಪು ಎಂದೇ ಕರೆದರು. ಅದು ಯಾವ ಲೋಹ ಎಂದು ಕೇಳಿದವರಿಲ್ಲ. ಅತ್ತೆ ಒಂದೇ ಮಾತು ಹೇಳಿದರು: "ನಳ ಬಂತಂತ ಉಡಾಳಾಗಬ್ಯಾಡ. ಮೊದಲ ನೀರು ದೇವರ ಪಾಲು. ಒಂದ ಹನಿ ಸೈತ ಚೆಲ್ಲಬಾರದು." ಅಂದಿನಿಂದ ದಿನಾ ನಸುಕಿನಲ್ಲಿ ಎದ್ದು, ನಳ ತಿರುಗಿಸಿ, ಮೊದಲ ಹನಿಯಿಂದಲೇ ತಂಬಿಗೆ ಹಿಡಿದೆ. ಪೂಜೆ ಮುಗಿದ ಮೇಲೆ ತಂಬಿಗೆಯಲ್ಲಿ ಉಳಿದದ್ದನ್ನು ತೀರ್ಥವೆಂದು ಮನೆಯವರಿಗೆ ಕೊಟ್ಟೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಿಮ್ಮ ಅಪ್ಪ ಮನೆಯ ಎಲ್ಲ ಪೈಪುಗಳನ್ನು ಪ್ಲಾಸ್ಟಿಕ್ಕಿಗೆ ಬದಲಾಯಿಸಿದ. ಕೆಲಸದವರು ಜಗಲಿಯ ಗೋಡೆಗೆ ಉಳಿ ಇಟ್ಟಾಗ ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಂತೆ.

"ಆ ಗ್ವಾಡಿ ಒಡೀಬ್ಯಾಡ," ಎಂದೆ.

ಪರ ಗಂಡಸರ ಮುಂದೆ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ನಿಮ್ಮ ಅಪ್ಪ ನನ್ನ ಮುಖ ನೋಡಿ ಉಳಿ ತೆಗೆಸಿದ. ಟಾಕಿಯಿಂದ ಗೋಡೆಯವರೆಗೆ ಪ್ಲಾಸ್ಟಿಕ್ ಪೈಪು ಬಂತು. ಗೋಡೆಯೊಳಗೆ ಅಜ್ಜ ಹಾಕಿದ್ದು ಹಾಗೆಯೇ ಉಳಿಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದು. ಕಾಲ ಕಳೆದಂತೆ ನಿಮ್ಮ ಅಪ್ಪನೂ ಅದನ್ನು ಮರೆತುಬಿಟ್ಟ. ನಾನು ಮರೆಯಲಿಲ್ಲ.

ಬಾಳ್ಯಾ, ನೀನು ಮುಂಜಾನೆ ನನ್ನ ಜೊತೆ ಏಳುವವನು. ಪೂಜೆ ಮುಗಿಯುವುದನ್ನೇ ಕಾಯುತ್ತ ಜಗಲಿಯ ಮುಂದೆ ಕೂತು, "ಆಯಿ, ತೀರ್ಥಾ" ಎಂದು ಬೊಗಸೆ ಒಡ್ಡುತ್ತಿದ್ದೆ. ಗುಬ್ಬಿ, ನೀನು ಸಾಲಿಯ ಬಸ್ಸು ಹಾರ್ನ್ ಹೊಡೆದ ಮೇಲೆ ಏಳುವವಳು. ಬಾಯಿ ತೊಳೆಯದೆ ತೀರ್ಥ ಕೊಡುವುದಿಲ್ಲ ಎಂದು ನಾನು ಬೈಯುತ್ತಿದ್ದೆ, ನೀನು ಬೇಡವೆಂದು ಓಡುತ್ತಿದ್ದೆ. ನಿನ್ನ ಸೋಮಾರಿತನವೇ ನಿನ್ನನ್ನು ಕಾಯಿತು. ಇನ್ನು ಮೇಲೆ ಬೈಯುವುದಿಲ್ಲ.

ಐದು ತುಂಬಿದ ಆ ವರ್ಷ ಬಾಳ್ಯಾ ಬಿಳಿಚಿಕೊಂಡ. ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದ. ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದ, ನಾಲ್ಕು ದಿನ ಕಳೆದರೂ ಹೊರಕಡೆ ಆಗುತ್ತಿರಲಿಲ್ಲ. ಮೊದಲು ಇಡೀ ಓಣಿಯ ಆಕಳುಗಳ ಹೆಸರು ಹೇಳುತ್ತಿದ್ದವನು ಈಗ ಕರೆದರೆ ತಡವಾಗಿ ತಿರುಗಿ ನೋಡುತ್ತಿದ್ದ. ಬಾಲವಾಡಿಯಲ್ಲಿ ಕಲಿಸುವ ಬಾಯಿಯವರು, "ಹುಡಗ ಕುಂತಲ್ಲೇ ತೂಕಡಸ್ತಾನ್ರಿ" ಎಂದು ಹೇಳಿ ಕಳಿಸಿದರು. ರಾಯಬಾಗದ ದವಾಖಾನೆಯಲ್ಲಿ ಜಂತಿನ ಔಷಧ ಕೊಟ್ಟರು. ಗುಣವಾಗಲಿಲ್ಲ.

ಆಗ ನಾನು ಮಾಡಿದ್ದನ್ನು ಬರೆಯಬೇಕು. ದೇವರಿಗೆ ಹರಕೆ ಹೊತ್ತೆ. ಇಪ್ಪತ್ತೊಂದು ದಿನ ಮಗುವಿಗೆ ಬೊಗಸೆ ತೀರ್ಥದ ಬದಲು ಬಟ್ಟಲು ತುಂಬ ಅಗ್ಗಣಿ ಕುಡಿಸುತ್ತೇನೆ ಎಂದುಕೊಂಡೆ. ಬರಿಹೊಟ್ಟೆಯಲ್ಲಿ ಕುಡಿಸಿದೆ. ಇಪ್ಪತ್ತೊಂದು ದಿನ ಮುಗಿದರೂ ಗುಣವಾಗದಿದ್ದಾಗ, ನನ್ನ ಭಕ್ತಿ ಸಾಲಲಿಲ್ಲ ಎಂದು ಮತ್ತೆ ಇಪ್ಪತ್ತೊಂದು ದಿನ ಶುರು ಮಾಡಿದೆ. ನೀನು ಮುಖ ಕಿವುಚದೆ ಕುಡಿಯುತ್ತಿದ್ದೆ, ಕಂದಾ. ಬಟ್ಟಲನ್ನು ಬೋರಲು ಹಾಕಿ ತೋರಿಸುತ್ತಿದ್ದೆ.

ಕೊನೆಗೆ ಮಿರಜಿನ ಡಾಕ್ಟರರೊಬ್ಬರಲ್ಲಿಗೆ ಹೋದೆವು. ಅವರು ರಕ್ತ ತೆಗೆದು ದೂರ ಎಲ್ಲಿಗೋ ಕಳಿಸಿದರು. ಮುಂದಿನ ವಾರ ಕರೆಸಿದರು. ನಿಮ್ಮ ಅಪ್ಪ ಅವ್ವ ಕುರ್ಚಿಯಲ್ಲಿ ಕೂತರು, ನಾನು ಸೆರಗು ಹೊದ್ದು ಬಾಗಿಲ ಬಳಿ ನಿಂತೆ. ಆ ಡಾಕ್ಟರರು ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವರು.

"ಹುಡಗನ ರಕ್ತದಾಗ ಸೀಸ ಐತ್ರಿ. ಶಿಸಂ," ಎಂದರು. "ಇಷ್ಟ ಸಣ್ಣ ಪೋರನ ಹೊಟ್ಟ್ಯಾಗ ಇಷ್ಟ ಸೀಸ ಎಲ್ಲಿಂದ ಹೋತು? ಇದು ಬುದ್ಧಿ ಬೆಳಿಯೂ ವಯಸ್ಸು. ಹಿಂಗ ಹೋಗ್ತಾ ಇದ್ರ ಮುಂದ ಕಲಿಯೂದು, ಮಾತು, ಎಲ್ಲಾ ಹಿಂದ ಬೀಳತೈತಿ. ಮೂಲ ಸಿಗೂತನಕ ನಾ ಏನ ಔಷಧ ಕೊಟ್ರೂ ಉಪಯೋಗಿಲ್ಲ."

ಆಮೇಲೆ ಒಂದೊಂದಾಗಿ ಕೇಳಿದರು. ಕಲಾಯಿ ಹಾಕಿದ ಪಾತ್ರೆ ಇವೆಯೇ? ಮಗುವಿಗೆ ಕಾಡಿಗೆ ಹಚ್ಚುತ್ತೀರಾ? ಹಳೆಯ ಬ್ಯಾಟರಿ ಬಿಚ್ಚುವ ಅಂಗಡಿ ಹತ್ತಿರದಲ್ಲಿದೆಯೇ? ಬಾಗಿಲಿನ ಬಣ್ಣ ಉದುರುತ್ತದೆಯೇ? ಕಡೆಗೆ, "ನೀರಿನ ಪೈಪ?" ಎಂದರು. "ಹಳೇ ವಾಡೇದಾಗ ಸೀಸದ ಪೈಪ ಇರತಿದ್ವು. ಬೂದಿ ಬಣ್ಣ. ಎತ್ತಾಕ ವಜ್ಜ ಇರತಾವು, ಆದರ ಕೈಲೆ ಬಗ್ಗತಾವು. ಗೀರಿದ್ರ ಬೆಳ್ಳಿ ಹೊಳದಂಗ ಹೊಳೀತಾವು."

"ನಮ್ಮಲ್ಲೆಲ್ಲಾ ಪ್ಲಾಸ್ಟಿಕ್ ರೀ ಸರ," ಎಂದ ನಿಮ್ಮ ಅಪ್ಪ. "ಕುಡಿಯೂದು ಫಿಲ್ಟರ್ ನೀರು."

"ಹಂಗಾರ ನೀರ ಬಿಡ್ರಿ, ಬ್ಯಾರೆ ಹುಡುಕ್ರಿ."

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಡಾಕ್ಟರರ ಮೇಜು, ಗೋಡೆಯ ಕ್ಯಾಲೆಂಡರು, ನಿಮ್ಮ ಅವ್ವನ ಜಡೆ ಎಲ್ಲವೂ ದೂರ ಸರಿದಂತಾಯಿತು. ನನಗೆ ಕಂಡದ್ದು ಮೊಳೆ ಹಿಡಿದ ನಿಮ್ಮ ಅಜ್ಜನ ಕೈ, ಆ ಹೊಳಪು. ಬಾಯಿ ತೆರೆದೆ. ಡಾಕ್ಟರರು ನನ್ನ ಕಡೆ ನೋಡಿ, "ಆಜಿ, ನೀವೇನರ ಹೇಳೂದೈತೇನು?" ಎಂದು ಕೇಳಿದರು.

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಏಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ನಾಚಿಕೆ ಎನ್ನಲೇ? ಹೆದರಿಕೆ ಎನ್ನಲೇ? ಗಂಡ ಪ್ರೀತಿಯಿಂದ ಮಾಡಿಕೊಟ್ಟದ್ದು, ದೇವರಿಗೆ ಎರೆದದ್ದು, ಅದು ವಿಷ ಎಂದು ಹೇಳಲು ನಾಲಿಗೆ ಏಳಲಿಲ್ಲ.

ವಾಪಸು ಬರುವಾಗ ನಿಮ್ಮ ಅಪ್ಪ ಅವ್ವ ಕಾರಿನಲ್ಲಿ ಜಗಳಾಡಿದರು. "ನಿನ್ನ ತವರಮನಿ ಹಿತ್ತಾಳಿ ಪಾತ್ರಿ, ಅದರ ಕಲಾಯಿದಾಗ ಇರಬೇಕು," ಎಂದ ಅವನು. "ಪಾತ್ರಿ ಅಲ್ಲರೀ, ನಾ ಹಚ್ಚಿದ ಕಾಡಿಗಿ ಇರಬೇಕು, ನಾನ ನನ್ನ ಮಗನ್ನ ಹಾಳ ಮಾಡ್ದೆ," ಎಂದು ಅವಳು ಅತ್ತಳು. ಕುಡಚಿಯ ಸೇತುವೆ ದಾಟುವವರೆಗೂ ಅತ್ತಳು. ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಕೆಳಗೆ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ನಾನು ಹೊಳೆಯನ್ನೇ ನೋಡುತ್ತ ಕೂತೆ. ತಪ್ಪು ನನ್ನದಿದ್ದು ಅವಳು ಅಳುವುದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ. ಗುಬ್ಬಿ, ನಿನ್ನ ಅವ್ವನ ಆ ಅಳು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಮರುದಿನ ನಸುಕಿನಲ್ಲಿ ರೂಢಿಯ ಹಾಗೆ ಎದ್ದೆ, ಸ್ನಾನ ಮಾಡಿದೆ, ನಳ ತಿರುಗಿಸಿದೆ, ಮೊದಲ ಹನಿಯಿಂದ ತಂಬಿಗೆ ಹಿಡಿದೆ. ಕೈಗೆ ಅದೊಂದೇ ಗೊತ್ತು. ದೇವರ ಮುಂದೆ ಕೂತೆ. ಮಂತ್ರ ಬಾಯಿಗೆ ಬರಲಿಲ್ಲ. ಹಿಂದಿನಿಂದ ಕಾಲಸಪ್ಪಳ ಕೇಳಿಸಿತು. ಬಾಳ್ಯಾ ಬಂದು ಎದುರಿಗೆ ಕೂತ. ಕಣ್ಣಿನ ಸುತ್ತ ಕಪ್ಪು, ಬಟ್ಟಲು ತಾನೇ ತಂದಿದ್ದ.

"ಆಯಿ, ಇವತ್ತ ಪೂರಾ ತುಂಬ," ಎಂದ. "ಡಾಕ್ಟರ್ ಸೂಜಿ ಚುಚ್ಚಿದ್ರೂ ನಾ ಅಳಲಿಲ್ಲ."

ತಂಬಿಗೆಯನ್ನು ಬಟ್ಟಲಿನ ಮೇಲೆ ಬಾಗಿಸಿದೆ. ನೀರು ಅಂಚಿಗೆ ಬಂತು. ಅಷ್ಟರಲ್ಲಿ ನನ್ನ ಕೈ ಪಕ್ಕಕ್ಕೆ ತಿರುಗಿ, ತಂಬಿಗೆಯ ನೀರೆಲ್ಲ ನೆಲಕ್ಕೆ ಹೋಯಿತು. ದೇವರ ಪಾಲಿನ ನೀರು, ದೇವರ ಮುಂದೆಯೇ. ಅತ್ತೆ ಕಣ್ಣ ಮುಂದೆ ನಿಂತಂತಾಯಿತು.

"ಆಯಿ ಚೆಲ್ಲಿದ್ಲು! ಅವ್ವಾ, ಆಯಿ ಅಗ್ಗಣಿ ಚೆಲ್ಲಿದ್ಲು!" ಎಂದು ಅವನು ನಗುತ್ತ ಕೂಗಿದ. ಬಹಳ ದಿನದ ಮೇಲೆ ಅವನು ನಕ್ಕದ್ದು.

ನಿಮ್ಮ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ನಾನು ಕೂತಲ್ಲಿಂದ ಏಳದೆ ಹೇಳಿದೆ: "ನಿನ್ನ ಕಾಡಿಗಿ ಅಲ್ಲವ್ವಾ. ಈ ನಳ. ಡಾಕ್ಟರ್ ಹೇಳಿದ ಪೈಪ ಈ ಗ್ವಾಡ್ಯಾಗ ಐತಿ. ನಾನ ಕುಡಿಸೀನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಂತರ, "ಎಷ್ಟ ಕುಡಿಸ್ತಿದ್ರಿ ಅತ್ತಿ?" ಎಂದಳು.

"ಬಟ್ಟಲ ತುಂಬ."

"ದಿನಾ?"

"ದಿನಾ."

ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆದರೆ ಊಟದ ಹೊತ್ತಿಗೆ ತಾಟು ತಂದಿಟ್ಟಳು.

ನಿಮ್ಮ ಅಪ್ಪ ನಂಬಲಿಲ್ಲ. "ಅಪ್ಪ ಹಾಕಿದ್ದು. ಇಷ್ಟ ವರ್ಷ ನಾವೆಲ್ಲಾ ಕುಡದೇವಿ, ಏನಾತು ನಮಗ?" ಎಂದ. ಆದರೂ ಡಾಕ್ಟರರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮರುದಿನ ಎರಡು ಬಾಟಲಿ ನೀರು ಹಿಡಿದ. ಒಂದರಲ್ಲಿ ನಸುಕಿನ ಮೊದಲ ನೀರು. ಇನ್ನೊಂದರಲ್ಲಿ, ನಳವನ್ನು ಬಹಳ ಹೊತ್ತು ಹರಿಯಬಿಟ್ಟ ಮೇಲಿನದು. ಪರೀಕ್ಷೆಯ ಕಾಗದ ಬಂದಾಗ ಎರಡನೆಯದರಲ್ಲಿ ಸೀಸ ಅಲ್ಪಸ್ವಲ್ಪ ಇತ್ತು. ಮೊದಲ ನೀರಿನಲ್ಲಿ ವಿಪರೀತ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಸೀಸವನ್ನು ಬಿಡಿಸಿಕೊಳ್ಳುತ್ತದೆಯಂತೆ. ಹರಿದ ನೀರಿನಲ್ಲಿ ಅಷ್ಟಿರುವುದಿಲ್ಲವಂತೆ.

ನನಗೆ ಅದನ್ನು ಓದಿ ಹೇಳಿದರು. ಬೇರೆಯವರ ಮನೆಯಲ್ಲಿ ಆ ಮೊದಲ ನೀರು ಬಚ್ಚಲಿಗೋ ಬಕೀಟಿಗೋ ಹೋಗುತ್ತದೆ. ಒಂದು ಹನಿಯೂ ಚೆಲ್ಲದಂತೆ ಹಿಡಿದು, ಕಾಪಾಡಿ, ಕೈಮುಗಿದು, ಮಗುವಿಗೆ ಕೊಟ್ಟವಳು ನಾನು.

ಪೈಪು ತೆಗೆಯಲು ಕುಡಚಿಯಿಂದ ಒಬ್ಬ ಪ್ಲಂಬರ್ ಬಂದರು. ನಮಾಜಿನ ಟೋಪಿ, ಬಿಳಿ ಗಡ್ಡ, ಮಿಲಿಟರಿಯಿಂದ ನಿವೃತ್ತರಾದವರು. ನಿಮ್ಮ ಅಪ್ಪ ಗೋಡೆಯನ್ನು ತೋರಿಸಿ ನನ್ನ ಮುಖ ನೋಡಿದ. ನಾನು ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ.

"ಇಲ್ಲಿಂದ ಹಿಡದು ಅಲ್ಲೀತನಕ ಒಡೀರಿ," ಎಂದು ಕೈಯಿಂದಲೇ ಗೆರೆ ಎಳೆದು ತೋರಿಸಿದೆ. "ನಡುವ ಒಂದ ಕಡೆ ಎಡಕ್ಕ ಬಾಗೇತಿ. ದೀಪದ ಮಾಡದ ಕೆಳಗಿಂದ ಬರತೈತಿ. ಒಂದ ತುಂಡೂ ಉಳೀಬಾರದು."

"ಅವ್ವಾರ, ನೀವ ಹಾಕಿದಂಗ ಹೇಳ್ತೀರಲ್ರೀ!" ಎಂದು ಅವರು ನಕ್ಕರು.

ಗಾರೆ ಬಿದ್ದು ಪೈಪು ಕಂಡಿತು. ಅವರು ಜೇಬಿನಿಂದ ಮೊಳೆ ತೆಗೆದು ಗೀರಿದರು. ಅಷ್ಟು ವರ್ಷದ ಮೇಲೆ ಅದೇ ಹೊಳಪು. ನಾನು ಮುಖ ತಿರುಗಿಸಿದೆ.

ಅವರು ಒಂದು ತುಂಡು ಕತ್ತರಿಸಿ ಒಳಗನ್ನು ತೋರಿಸಿದರು. ಅಲ್ಲಲ್ಲಿ ಸುಣ್ಣದಂಥ ಬಿಳಿ ಪದರ ಎದ್ದು ಉದುರಿತ್ತು. "ಮೊದಲ ನಿಮ್ಮದು ಬಾವಿ ನೀರು, ಸವಳ ಇತ್ತಲ್ರೀ," ಎಂದು ನಿಮ್ಮ ಅಪ್ಪನಿಗೆ ಹೇಳಿದರು. "ಆ ನೀರಿಗೆ ಒಳಗ ಸುಣ್ಣದ ಪದರ ಕಟ್ಟಿ ಸೀಸಾನ ಮುಚ್ಚಿತ್ತು ಅನಸ್ತೈತಿ. ಈಗ ಟಾಕಿಗೆ ಹೊಳಿ ನೀರು ಬರತೈತಿ. ಅದು ಪದರಾ ತಿಂದ ಹಾಕೇತಿ. ಅದಕ್ಕ ನಿಮಗಿಂತ ಈ ಹುಡಗಗ ಹೆಚ್ಚ ಬಡದೈತಿ."

ಚಹಾ ಕುಡಿಯುವಾಗ ಅವರು ಕಾಶ್ಮೀರದ ಮಾತು ತೆಗೆದರು. ಅಲ್ಲಿ ಥಂಡಿಗೆ ಪೈಪಿನೊಳಗಿನ ನೀರು ಕಲ್ಲಿನಂತೆ ಗಟ್ಟಿಯಾಗಿ ಪೈಪನ್ನೇ ಒಡೆಯುತ್ತಿತ್ತಂತೆ. "ಅದಕ್ಕ ಪೈಪಿಗೆ ಗೋಣಿತಟ್ಟ ಸುತ್ತಿ, ರಾತ್ರಿ ನಳಾ ಹನಿಹನಿ ಬಿಟ್ಟ ಮಲಗತಿದ್ವಿ."

"ಪೈಪಿಗೆ ಕೌದಿ ಹೊಚ್ಚತಿದ್ರೇನು ಕಾಕಾ?" ಎಂದು ಗುಬ್ಬಿ ಕೇಳಿದಳು.

"ಹೂಂ ಮತ್ತ. ನಮಗಿಂತ ಪೈಪಿಗೇ ಛಲೋ ಹಾಸಿಗಿ!" ನಗು ನಿಂತ ಮೇಲೆ ಅವರು ಆ ತುಂಡನ್ನು ಕೈಯಲ್ಲಿ ತೂಗುತ್ತ, "ನಿಂತ ನೀರು ಎಲ್ಲೇ ಆದ್ರೂ ಕೆಡಕ. ಅಲ್ಲಿ ಕಲ್ಲಾಗಿ ಒಡೀತೈತಿ, ಇಲ್ಲಿ ಹಿಂಗ," ಎಂದರು. ಹೋಗುವಾಗ ಎಚ್ಚರಿಸಿದರು: "ಇದನ್ನ ಕರಗಸಬ್ಯಾಡ್ರಿ, ಹೊಗಿ ಸೈತ ವಿಷ. ಮೀನ ಹಿಡಿಯೂ ಬಲಿಗೆ ಗುಂಡ ಮಾಡ್ತೀವಿ ಅಂತ ಯಾರರ ಕೇಳಿದ್ರ ಕೊಡಬ್ಯಾಡ್ರಿ."

ಆ ಸಂಜೆ ನಿಮ್ಮ ಅಪ್ಪ ನನ್ನ ಪಕ್ಕ ಬಂದು ಕೂತ. "ಅಪ್ಪಗ ಗೊತ್ತಿರಲಿಲ್ಲಬೇ ಯವ್ವಾ," ಎಂದ. "ಗೊತ್ತಿದ್ರ ನಿನಗ ಹಾಕಿ ಕೊಡತಿದ್ನೇನು?" ನಾನು ಹೂಂ ಎಂದೆ. ಅವನಿಗೆ ಹೇಳದ ಒಂದು ಮಾತು ಇಲ್ಲಿ ಬರೆಯುತ್ತೇನೆ. ನಿಮ್ಮ ಅಪ್ಪನ ನಂತರ ನನಗೆ ಎರಡು ಸಲ ಬಸಿರು ನಿಂತಿತ್ತು, ಎರಡೂ ಸಲ ಇಳಿದುಹೋಯಿತು. ಅದಕ್ಕೂ ಈ ನೀರಿಗೂ ಸಂಬಂಧವಿತ್ತೋ ಇಲ್ಲವೋ, ನನಗೆ ತಿಳಿಯದು. ಡಾಕ್ಟರರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅದೊಂದು ಉತ್ತರ ನನಗೆ ಬೇಡ.

ಬಾಳ್ಯಾನಿಗೆ ಕಬ್ಬಿಣದ ಟಾನಿಕ್, ಹಾಲು, ಸೊಪ್ಪು, ಮೇಲಿಂದ ಮೇಲೆ ರಕ್ತಪರೀಕ್ಷೆ. ಮೊದಲ ಸಲ ಸೀಸ ಸ್ವಲ್ಪ ಇಳಿದಿತ್ತು. ಮುಂದಿನ ಸಲ ಇನ್ನಷ್ಟು. ಎಲುಬಿನೊಳಗೆ ಹೋದದ್ದು ನಿಧಾನವಾಗಿ ಹೊರಬರುತ್ತದೆ, ತಾಳ್ಮೆ ಬೇಕು ಎಂದರು ಡಾಕ್ಟರರು. ಹೊಟ್ಟೆನೋವು ನಿಂತಿತು. ಆಕಳುಗಳ ಹೆಸರು ಮರಳಿ ಬಂದವು. ಈಗ ಒಂದನೆಯ ಇಯತ್ತೆಯಲ್ಲಿದ್ದಾನೆ. ಮಗ್ಗಿ ಹೇಳುವಾಗ ಆರರಲ್ಲಿ ನಿಂತುಬಿಡುತ್ತಾನೆ. "ಅವರಪ್ಪನೂ ಹಂಗ ಇದ್ದ" ಎಂದು ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅವನು ಆರರಲ್ಲಿ ನಿಂತಾಗಲೆಲ್ಲ ನನ್ನ ಎದೆಯೂ ಅಲ್ಲಿಯೇ ನಿಲ್ಲುತ್ತದೆ, ಏಳು ಎನ್ನುವವರೆಗೆ.

ಜಗಲಿಗೆ ಹೊಸ ಪೈಪು ಬಂದಿದೆ. ಆದರೂ ನಸುಕಿನಲ್ಲಿ ಮೊದಲ ಬಕೀಟು ನೀರನ್ನು ಬಿಟ್ಟು ಅಂಗಳ ತೊಳೆಯಲು ಇಡುತ್ತೇನೆ. ಆಮೇಲೆ ಬಂದದ್ದು ಅಗ್ಗಣಿ. ದೇವರು ಎರಡನೆಯ ನೀರಿಗೆ ಮುನಿಸಿಕೊಂಡಂತೆ ಕಾಣಲಿಲ್ಲ. ತೀರ್ಥವನ್ನು ಈಗ ನಿಮ್ಮ ಅವ್ವ ಕೊಡುತ್ತಾಳೆ. "ನೀವ ಕೊಡ್ರಿ ಅತ್ತಿ" ಎಂದು ಅವಳೇ ಒಮ್ಮೆ ತಂಬಿಗೆ ಚಾಚಿದಳು. ನನ್ನ ಕೈ ಮುಂದೆ ಹೋಗಲಿಲ್ಲ.

ಪೈಪು ತೆಗೆದ ಜಾಗವನ್ನು ನಿಮ್ಮ ಅಪ್ಪ ಮುಚ್ಚಿಸಿದ. ಹಳೆಯ ನಳ ಇದ್ದಲ್ಲಿ ಮಾತ್ರ ಒಂದು ಸಣ್ಣ ಮಾಡ ಬಿಡಿಸಿದ್ದಾನೆ. ಈ ಹಾಳೆಗಳನ್ನು ಹಳೆಯ ಇಳಕಲ್ ಸೀರೆಯ ಅಂಚಿನಲ್ಲಿ ಸುತ್ತಿ ಅಲ್ಲಿ ಇಡುತ್ತೇನೆ. ಗುಬ್ಬಿ, ನಿನಗೆ ಓದಲು ಬರುತ್ತದೆ, ತಮ್ಮನಿಗೆ ಇನ್ನೂ ಬರುವುದಿಲ್ಲ. ಅವನಿಗೆ ತಾನೇ ಓದಿಕೊಳ್ಳುವಷ್ಟು ಬರುವವರೆಗೆ ಇವು ಹರಿಯದಂತೆ, ನೆನೆಯದಂತೆ ನೋಡಿಕೋ. ನೀನು ಓದಿ ಹೇಳಬೇಡ. ಅವನೇ ಓದಲಿ. ಓದಿ ಅವನಿಗೆ ಸಿಟ್ಟು ಬಂದರೆ ಬರಲಿ. ಆದರೆ ಹಾಳೆ ಮಾತ್ರ ಹರಿಯಗೊಡಬೇಡ.